ಇಂಟರ್‌ಸ್ಟೇಟ್ ಬಿಟ್ಟು ಹಳ್ಳಿ ರಸ್ತೆಲಿ ಹೋದ್ರೆ ಆರ್‌ವಿ ಟ್ಯಾಂಕ್ ಎಲ್ಲಿ ಖಾಲಿ ಮಾಡೋದು?

ನಿಮ್ಮ ಪ್ರಶ್ನೆ ಓದಿದೆ. ಒಮಾಹಾದಲ್ಲಿ ಆರ್‌ವಿ (ಒಳಗೇ ಮಲಗೋ ಜಾಗ, ಅಡುಗೆಮನೆ, ಟಾಯ್ಲೆಟ್ ಇರೋ ಗಾಡಿ) ಬಾಡಿಗೆಗೆ ತಗೊಂಡು ನೆಬ್ರಾಸ್ಕಾ ಹೈವೇ 20 ಹಿಡ್ಕೊಂಡು ಸೌತ್ ಡಕೋಟಾದ ಬ್ಯಾಡ್‌ಲ್ಯಾಂಡ್ಸ್, ಬ್ಲ್ಯಾಕ್ ಹಿಲ್ಸ್, ಆಮೇಲೆ ವಯೋಮಿಂಗ್ ದಾಟಿ ಯೆಲ್ಲೋಸ್ಟೋನ್, ಒಟ್ಟು ಆರು ಜನ, ಅದರಲ್ಲಿ ಅಪ್ಪ ಅಮ್ಮನೂ ಇದಾರೆ, ಆಪ್ ತೆಗೆದು ನೋಡಿದ್ರೆ ನೂರು ಮೈಲಿ ಡಂಪ್ ಸ್ಟೇಷನ್ (ಕೊಳಚೆ ಟ್ಯಾಂಕ್ ಖಾಲಿ ಮಾಡೋ ಜಾಗ) ಒಂದೂ ಕಾಣಿಸ್ತಿಲ್ಲ, ತೀರಾ ತುಂಬಿದ್ರೆ ಕ್ಯಾಂಪ್‌ಗ್ರೌಂಡ್ ಟಾಯ್ಲೆಟ್ ಗುಂಡಿಗೇ ಬಿಟ್ಟುಬಿಡಬಹುದಾ ಅಂತ ಕೇಳಿದೀರ. ಕೊನೇದಕ್ಕೆ ಮೊದಲು ಉತ್ತರ ಕೊಟ್ಬಿಡ್ತೀನಿ, ಬೇಡ, ಖಂಡಿತ ಬೇಡ. ಫಾರೆಸ್ಟ್ ಸರ್ವಿಸ್, ಬಿಎಲ್‌ಎಂ (ಸರ್ಕಾರಿ ಜಮೀನು ನೋಡ್ಕೊಳೋ ಕೇಂದ್ರ ಇಲಾಖೆ) ಜಾಗಗಳಲ್ಲಿರೋ ಆ ವಾಲ್ಟ್ ಟಾಯ್ಲೆಟ್ ಅಂದ್ರೆ ಕೆಳಗೆ ಒಂದು ಸೀಲ್ ಆಗಿರೋ ಕಾಂಕ್ರೀಟ್ ತೊಟ್ಟಿ ಅಷ್ಟೇ, ಅದು ಯಾವ ಪೈಪಿಗೂ ಸೇರಿಲ್ಲ, ತುಂಬಿದಾಗ ಲಾರಿ ಬಂದು ಎಳ್ಕೊಂಡು ಹೋಗ್ಬೇಕು. ನಿಮ್ಮ ಒಂದು ಟ್ಯಾಂಕ್ ಸುರಿದ್ರೆ ಹತ್ತಾರು ಜನಕ್ಕೆ ಆಗೋ ಜಾಗ ಒಂದೇ ಸಲ ಹೋಯ್ತು, ಮೇಲಾಗಿ ಅದು ಕಾನೂನಿಗೂ ವಿರುದ್ಧ.

ಇನ್ನು ಆಪ್ ವಿಷಯ. ಆಪ್‌ನಲ್ಲಿ ಇಲ್ಲ ಅಂದ ತಕ್ಷಣ ಅಲ್ಲಿ ಇಲ್ಲ ಅಂತಲ್ಲ. ಸ್ಯಾನಿಡಂಪ್ಸ್, ಕ್ಯಾಂಪೆಂಡಿಯಂ, ಐಓವರ್‌ಲ್ಯಾಂಡರ್ ಇವೆಲ್ಲ ಚೆನ್ನಾಗೇ ಇದಾವೆ, ನಾನೂ ನೋಡ್ತೀನಿ, ಆದ್ರೆ ಇವೆಲ್ಲ ಯಾರಾದ್ರೂ ಹೋಗಿ ಬಂದು ಬರೆದ್ರೆ ತಾನೇ ತುಂಬೋದು, ಹಾಗಾಗಿ ಜನ ಜಾಸ್ತಿ ಓಡಾಡೋ ಇಂಟರ್‌ಸ್ಟೇಟ್ ಅಕ್ಕಪಕ್ಕ ತುಂಬಿರುತ್ತೆ, ನೆಬ್ರಾಸ್ಕಾದ ಸ್ಯಾಂಡ್‌ಹಿಲ್ಸ್ ಅನ್ನೋ ಹುಲ್ಲುಗಾವಲಿನ ಕಡೆ ಬಂದ್ರೆ ಖಾಲಿ. ಹಳ್ಳಿಗಾಡಲ್ಲಿ ಡಂಪ್ ಸ್ಟೇಷನ್ ಹುಡುಕೋಕೆ ನಾನು ಮಾಡೋದು ಒಂದೇ, ಈ ಊರಲ್ಲಿ ಚರಂಡಿ ಪೈಪು ಯಾರ ಕೈಲಿದೆ ಅಂತ ಯೋಚನೆ ಮಾಡೋದು. ದೊಡ್ಡ ಊರಲ್ಲಿ ಡಂಪ್ ಇಟ್ಟಿರೋದು ಹೆಚ್ಚಾಗಿ ಟ್ರಕ್ ಸ್ಟಾಪ್‌ನೋರು, ಖಾಸಗಿ ಕ್ಯಾಂಪ್‌ಗ್ರೌಂಡ್‌ನೋರು. ಸಣ್ಣ ಊರಲ್ಲಿ ಊರಿಂದೇ. ಸಿಟಿ ಪಾರ್ಕ್, ಕೌಂಟಿ ಫೇರ್‌ಗ್ರೌಂಡ್, ಊರಾಚೆ ಇರೋ ಕೊಳಚೆ ನೀರಿನ ಪ್ಲಾಂಟ್, ಈ ಮೂರರಲ್ಲಿ ಒಂದು ಕಡೆ ಸಿಗೋ ಚಾನ್ಸ್ ತುಂಬಾನೇ ಇರುತ್ತೆ. ಫೇರ್‌ಗ್ರೌಂಡ್‌ನ ಯಾರೂ ಯೋಚನೇನೇ ಮಾಡಲ್ಲ, ಆದ್ರೆ ನೋಡಿ, ವರ್ಷಕ್ಕೊಂದ್ಸಲ ಜಾತ್ರೆ ಆಗುತ್ತೆ, ರೋಡಿಯೋ ಆಗುತ್ತೆ, ಕುದುರೆ ದನ ತಗೊಂಡು ಬಂದೋರೆಲ್ಲ ಟ್ರೇಲರ್‌ನಲ್ಲೇ ಮಲಗ್ತಾರೆ, ಅವರ ಟ್ಯಾಂಕೂ ಎಲ್ಲಾದ್ರೂ ಖಾಲಿ ಆಗಲೇಬೇಕಲ್ವಾ. ನೆಬ್ರಾಸ್ಕಾ, ಎರಡು ಡಕೋಟಾ, ಕಾನ್ಸಾಸ್ ಕಡೆ ಸಣ್ಣ ಊರಿನ ಪಾರ್ಕಲ್ಲೇ ಆರ್‌ವಿ ನಿಲ್ಲಿಸಿ ರಾತ್ರಿ ಕಳೆಯೋ ವ್ಯವಸ್ಥೆ ಇರೋದು ಸಾಮಾನ್ಯ, ಕೆಲವು ಕಡೆ ದುಡ್ಡೂ ಇಲ್ಲ, ಇಷ್ಟ ಇದ್ದಷ್ಟು ಹಾಕಿ ಅಂತ ಒಂದು ಡಬ್ಬ ಇಟ್ಟಿರ್ತಾರೆ ಅಷ್ಟೇ.

ಹಾಗಾಗಿ ಆಪ್‌ಗಿಂತ ಫೋನು. ನಿಮ್ಮ ದಾರೀಲಿ ಬರೋ ಊರುಗಳ ಹೆಸರು ಬರ್ಕೊಳಿ, ವ್ಯಾಲಂಟೈನ್, ಗಾರ್ಡನ್, ಚಾಡ್ರನ್ ಹೀಗೆ, ಹೊರಡೋ ಮುಂಚೆನೇ ಆ ಊರಿನ ಸಿಟಿ ಆಫೀಸ್‌ಗೆ ಒಂದೊಂದು ಕಾಲ್ ಮಾಡಿ, ಆರ್‌ವಿ ಡಂಪ್ ಇದ್ಯಾ, ಈಗ ತೆರೆದಿದ್ಯಾ, ದೊಡ್ಡ ಗಾಡಿ ತಿರುಗಿಸೋಕೆ ಜಾಗ ಇದ್ಯಾ ಅಂತ ಮೂರು ಪ್ರಶ್ನೆ ಕೇಳಿ. ಫೋನ್ ಎತ್ತೋರು ನೀರಿನ ಬಿಲ್ಲೂ ನೋಡ್ಕೊಳ್ತಾರೆ, ನಾಯಿ ಲೈಸೆನ್ಸೂ ಕೊಡ್ತಾರೆ, ಊರಿನ ಪ್ರತಿ ಮೂಲೆ ಗೊತ್ತು ಅವರಿಗೆ. ನಂಗೆ ಒಂದ್ಸಲ ಸಿಕ್ಕ ಉತ್ತರ ಹೀಗಿತ್ತು, ಅಡ್ರೆಸ್ ಏನಿಲ್ಲ, ಧಾನ್ಯ ತುಂಬಿಡೋ ಎತ್ತರದ ಗೋದಾಮು, ಎಲಿವೇಟರ್ ಅಂತಾರಲ್ಲ, ಕಾಣುತ್ತಲ್ಲ ಅದರ ಕಡೆ ಬನ್ನಿ, ಫೈರ್ ಸ್ಟೇಷನ್ ಹಿಂದೆ ಜಲ್ಲಿ ರಸ್ತೆ, ಬೇಲಿ ಪಕ್ಕ ಇದೆ, ಯಾರಾದ್ರೂ ಕೇಳಿದ್ರೆ ಆಫೀಸಿಗೆ ಫೋನ್ ಮಾಡಿದ್ವಿ ಅನ್ನಿ. ಹೋಗಿ ನೋಡಿದ್ರೆ ಇಳಿಜಾರಾಗಿ ಕಟ್ಟಿದ ಸಿಮೆಂಟ್ ಚಪ್ಪಡಿ, ಮಧ್ಯೆ ಕಾಲಲ್ಲಿ ಒತ್ತಿದ್ರೆ ತೆರೆಯೋ ಕಬ್ಬಿಣದ ಮುಚ್ಚಳ, ಪಕ್ಕದಲ್ಲಿ ಕಂಬಕ್ಕೆ ಸ್ಪ್ರಿಂಗ್ ಹಾಕಿ ನೇತಾಕಿರೋ ನೀರಿನ ಹೋಸು, ದುಡ್ಡು ಹಾಕೋಕೆ ನೆಲಕ್ಕೆ ಹೂತಿರೋ ದಪ್ಪ ಪೈಪು. ಇದು ಯಾವ ಮ್ಯಾಪಲ್ಲೂ ಇರಲಿಲ್ಲ. ಹಾಂ ಇನ್ನೊಂದು, ನೆಬ್ರಾಸ್ಕಾದ ಪಶ್ಚಿಮ ಭಾಗ, ಸೌತ್ ಡಕೋಟಾದ ಪಶ್ಚಿಮ ಭಾಗ ಎರಡೂ ಮೌಂಟನ್ ಟೈಮು, ಒಮಾಹಾ ಸೆಂಟ್ರಲ್ ಟೈಮು, ಅಂದ್ರೆ ಅಲ್ಲಿ ಒಂದು ಗಂಟೆ ಹಿಂದೆ, ಬೆಳಗ್ಗೆ ಬೇಗ ಫೋನ್ ಮಾಡಿ ಯಾರೂ ಎತ್ತಲ್ಲ ಅಂತ ಬೈಕೋಬೇಡಿ, ಅಲ್ಲಿನ್ನೂ ಆಫೀಸೇ ತೆರೆದಿರಲ್ಲ. ಶನಿವಾರ ಭಾನುವಾರ ಆದ್ರೆ ಆಫೀಸ್ ಮುಚ್ಚಿರುತ್ತೆ, ಆಗ ಊರಿನ ಕೋ-ಆಪ್ (ಸಹಕಾರಿ ಸಂಘದ) ಗ್ಯಾಸ್ ಸ್ಟೇಷನ್‌ನಲ್ಲಿ, ಅಂದ್ರೆ ಪೆಟ್ರೋಲ್ ಬಂಕಲ್ಲಿ, ಕೇಳಿ, ಅಲ್ಲಿ ಕ್ಯಾಶ್ ಕೌಂಟರ್‌ನಲ್ಲಿ ಕೂತಿರೋರಿಗೆ ಗೊತ್ತಿರುತ್ತೆ.

ರಸ್ತೆಲಿ ಹೋಗ್ತಾ ಬೋರ್ಡ್ ನೋಡ್ತಿರಿ. ನೀಲಿ ಬೋರ್ಡು, ಅದರಲ್ಲಿ ಬಿಳಿ ಬಣ್ಣದ ಟ್ರೇಲರ್ ಚಿತ್ರ, ಅದರ ಕೆಳಗಡೆಗೆ ಬಾಣ. ಅದು ಡಂಪ್ ಸ್ಟೇಷನ್ ಅಂತ. ಅಕ್ಷರ ಏನೂ ಬರೆದಿರಲ್ಲ ಹಾಗಾಗಿ ತುಂಬಾ ಜನ ಅದನ್ನ ಕ್ಯಾಂಪ್‌ಗ್ರೌಂಡ್ ಬೋರ್ಡ್ ಅನ್ಕೊಂಡು ಮುಂದೆ ಹೋಗ್ಬಿಡ್ತಾರೆ.

ನಿಮ್ಮ ರೂಟಲ್ಲೇ ಡಂಪ್ ಇರೋ ಕೆಲವು ಜಾಗ ಹೇಳ್ತೀನಿ. ನೆಬ್ರಾಸ್ಕಾದಲ್ಲಿ ಚಾಡ್ರನ್ ಸ್ಟೇಟ್ ಪಾರ್ಕ್, ಸ್ವಲ್ಪ ಮುಂದೆ ಫೋರ್ಟ್ ರಾಬಿನ್ಸನ್, ಎರಡೂ ಹೈವೇ 20ಕ್ಕೆ ಹತ್ತಿರ, ಅಲ್ಲಿ ಒಂದು ರಾತ್ರಿ ಇದ್ರೆ ಡಂಪ್ ಅದರಲ್ಲೇ ಬರುತ್ತೆ, ಆದ್ರೆ ಸೈಟ್ ಬಾಡಿಗೆ ಅಲ್ದೆ ಗಾಡಿಗೆ ಪಾರ್ಕ್ ಪರ್ಮಿಟ್ ಬೇರೆ ತಗೋಬೇಕು, ಮರೀಬೇಡಿ. ಬ್ಯಾಡ್‌ಲ್ಯಾಂಡ್ಸ್ ಒಳಗೆ ಸೀಡರ್ ಪಾಸ್ ಕ್ಯಾಂಪ್‌ಗ್ರೌಂಡ್ ಇದೆ. ಬ್ಲ್ಯಾಕ್ ಹಿಲ್ಸ್ ಬಗ್ಗೆ ತಲೆ ಕೆಡಿಸ್ಕೋಬೇಡಿ, ರ್‍ಯಾಪಿಡ್ ಸಿಟಿ ಸುತ್ತಮುತ್ತ ಬೇಕಾದಷ್ಟು ಖಾಸಗಿ ಕ್ಯಾಂಪ್‌ಗ್ರೌಂಡ್ ಇದಾವೆ, ಅಲ್ಲಿ ಉಳ್ಕೊಳ್ದೇ ಇದ್ರೂ ದುಡ್ಡು ಕೊಟ್ರೆ ಡಂಪ್ ಮಾಡೋಕೆ ಬಿಡ್ತಾರೆ, ಸಾಮಾನ್ಯವಾಗಿ 10ರಿಂದ 25 ಡಾಲರ್ ಒಳಗೆ. ಐ-90 ಹತ್ತಿರ ಹಾದು ಹೋಗೋವಾಗ ಫ್ಲೈಯಿಂಗ್ ಜೆ, ಲವ್ಸ್ ತರದ ಟ್ರಕ್ ಸ್ಟಾಪ್‌ಗಳಲ್ಲೂ ಸಿಗುತ್ತೆ, ಎಲ್ಲಾ ಬ್ರಾಂಚಲ್ಲೂ ಅಲ್ಲ, ಅವರ ಆಪಲ್ಲಿ ಫಿಲ್ಟರ್ ಹಾಕಿ ನೋಡ್ಕೊಳಿ. ವಯೋಮಿಂಗ್‌ನಲ್ಲಿ ಬಿಗ್ ಹಾರ್ನ್ ಬೆಟ್ಟ ಹತ್ತೋ ಮುಂಚೆ ಬಫೆಲೋದಲ್ಲಿ, ಯೆಲ್ಲೋಸ್ಟೋನ್‌ಗೆ ನುಗ್ಗೋ ಮುಂಚೆ ಕೋಡಿಯಲ್ಲಿ ಖಾಲಿ ಮಾಡ್ಕೊಂಡೇ ಹೋಗಿ. ಬಫೆಲೋ ಬಿಟ್ಮೇಲೆ ಬೆಟ್ಟದ ಮೇಲೆ ಕ್ಯಾಂಪ್‌ಗ್ರೌಂಡ್ ಬೇಕಾದಷ್ಟಿದೆ ಆದ್ರೆ ಬಹುಪಾಲು ಕಡೆ ಅದೇ ವಾಲ್ಟ್ ಟಾಯ್ಲೆಟ್ಟೇ, ಡಂಪ್ ಅನ್ನೋದು ಸಿಗಲ್ಲ. ಜೊತೆಗೆ ಆ ಏರು ದಾರಿಗೆ ತುಂಬಿದ ಟ್ಯಾಂಕ್ ಹೊತ್ಕೊಂಡು ಯಾಕ್ ಹೋಗ್ಬೇಕು, 40 ಗ್ಯಾಲನ್ ನೀರು ಅಂದ್ರೆನೇ ಹೆಚ್ಚುಕಮ್ಮಿ 150 ಕೇಜಿ. ಯೆಲ್ಲೋಸ್ಟೋನ್ ಒಳಗೆ ಫಿಶಿಂಗ್ ಬ್ರಿಡ್ಜ್, ಬ್ರಿಡ್ಜ್ ಬೇ, ಗ್ರಾಂಟ್, ಮ್ಯಾಡಿಸನ್, ಕ್ಯಾನ್ಯನ್ ಕಡೆಗಳಲ್ಲಿ ಡಂಪ್ ಇದೆ, ಕೋಡಿ ಕಡೆಯಿಂದ ಹೋದ್ರೆ ಈಸ್ಟ್ ಎಂಟ್ರನ್ಸ್ ದಾಟಿ 27 ಮೈಲಿಗೆ ಫಿಶಿಂಗ್ ಬ್ರಿಡ್ಜ್ ಬರುತ್ತೆ. ಆದ್ರೆ ನೀವು ಸೆಪ್ಟೆಂಬರ್ ಕೊನೆ ಅಂತ ಬರೆದಿದೀರ, ಆ ಹೊತ್ತಿಗೆ ರಾತ್ರಿ ನೀರು ಹೆಪ್ಪುಗಟ್ಟೋಕೆ ಶುರುವಾಗಿರುತ್ತೆ, ಪೈಪ್ ಒಡೆಯುತ್ತೆ ಅಂತ ಡಂಪ್ ಸ್ಟೇಷನ್‌ಗಳನ್ನ ಮುಚ್ಚಿರಬಹುದು, ಹಳ್ಳಿ ಪಾರ್ಕುಗಳಲ್ಲೂ ಅದೇ ಕಥೆ. ಹಾಗಾಗಿ ಫೋನಲ್ಲಿ "ಇದ್ಯಾ" ಅಂತ ಕೇಳಿ ಬಿಡೋದಲ್ಲ, "ಈ ವಾರ ತೆರೆದಿದ್ಯಾ" ಅಂತ ಕೇಳಿ. ಸ್ಯಾಂಡ್‌ಹಿಲ್ಸ್‌ನಲ್ಲಿ ತುಂಬಾ ಹೊತ್ತು ಸಿಗ್ನಲ್ಲೇ ಇರಲ್ಲ, ಸಿಕ್ಕಿದ್ದನ್ನೆಲ್ಲ ಮ್ಯಾಪಲ್ಲಿ ಪಿನ್ ಮಾಡಿ ಆಫ್‌ಲೈನ್ ಡೌನ್‌ಲೋಡ್ ಮಾಡಿಟ್ಕೊಳಿ.

ಈಗ ನನಗೆ ಮುಖ್ಯ ಅನ್ನಿಸೋದು. ನೀವು ಬರೀ ಬ್ಲ್ಯಾಕ್ ಟ್ಯಾಂಕ್ (ಟಾಯ್ಲೆಟ್‌ದು ಸೇರೋ ಟ್ಯಾಂಕ್) ಬಗ್ಗೆನೇ ಚಿಂತೆ ಮಾಡ್ತಿದೀರ, ಆದ್ರೆ ಆರು ಜನ ಇದ್ರೆ ಮೊದಲು ತುಂಬೋದು ಗ್ರೇ ಟ್ಯಾಂಕು, ಅಂದ್ರೆ ಸಿಂಕು, ಸ್ನಾನದ ನೀರು. ಲೆಕ್ಕ ಹಾಕಿ, ಆರ್‌ವಿ ಶವರ್ ನಿಮಿಷಕ್ಕೆ ಒಂದೂವರೆಯಿಂದ ಎರಡು ಗ್ಯಾಲನ್ ಬಿಡುತ್ತೆ, ಒಬ್ಬೊಬ್ಬರು ಐದು ನಿಮಿಷ ನಿಂತ್ರೆ ಆರು ಜನಕ್ಕೆ 45ರಿಂದ 60 ಗ್ಯಾಲನ್, ಬಾಡಿಗೆಗೆ ಸಿಗೋ ಕ್ಲಾಸ್ ಸಿ (ಮಧ್ಯಮ ಗಾತ್ರದ ಆರ್‌ವಿ) ಗಾಡೀಲಿ ಗ್ರೇ ಟ್ಯಾಂಕ್ ಇರೋದೇ ಸಾಮಾನ್ಯವಾಗಿ 30-40. ಒಂದೇ ಬೆಳಗ್ಗೆಗೆ ಮುಗೀತು, ಆಮೇಲೆ ಬಚ್ಚಲಲ್ಲೇ ನೀರು ಮೇಲೆ ಬರುತ್ತೆ. ಮೈ ಒದ್ದೆ ಮಾಡ್ಕೊಂಡು ನಲ್ಲಿ ಮುಚ್ಚಿ, ಸೋಪ್ ಹಚ್ಕೊಂಡು, ಆಮೇಲೆ ತೊಳ್ಕೊಂಡ್ರೆ ಎರಡು ಮೂರು ಗ್ಯಾಲನ್‌ಗೆ ಆಗುತ್ತೆ. ಇಲ್ಲಾಂದ್ರೆ ಸ್ಟೇಟ್ ಪಾರ್ಕಿನ ಬಾತ್‌ರೂಮಲ್ಲಿ, ಟ್ರಕ್ ಸ್ಟಾಪಲ್ಲಿ ಸ್ನಾನ ಮುಗಿಸಿ. ಪಾತ್ರೆನ ಮೊದಲು ಪೇಪರ್ ಟವಲ್‌ನಲ್ಲಿ ಒರೆಸಿ ಆಮೇಲೆ ತೊಳೀರಿ, ಜಿಡ್ಡೂ ಕಮ್ಮಿ, ವಾಸನೇನೂ ಕಮ್ಮಿ. ಗ್ರೇ ನೀರು ತಾನೇ ನೆಲಕ್ಕೆ ಬಿಟ್ರೆ ಏನಾಗುತ್ತೆ ಅಂತ ಆನ್‌ಲೈನಲ್ಲಿ ಜನ ಹೇಳ್ತಾರೆ, ಬಿಎಲ್‌ಎಂ ರೂಲಲ್ಲಿ ತೊಳೆದ ನೀರಿಗೆ ವಿನಾಯ್ತಿ ಇರೋದು ನಿಜ, ಆದ್ರೆ ರಾಜ್ಯ, ಕೌಂಟಿ ರೂಲ್ ಬೇರೆ ಇರುತ್ತೆ, ನ್ಯಾಷನಲ್ ಪಾರ್ಕ್ ಒಳಗಂತೂ ಆಗಲ್ಲ. ಅದೂ ಅಲ್ದೆ ಅನ್ನದ ಅಗುಳು ಬಿದ್ದ ನೀರು ಕರಡಿ ಇರೋ ಕಡೆ ಚೆಲ್ಲೋದು ಯಾವ ರೂಲ್ ಇಲ್ದಿದ್ರೂ ದಡ್ಡತನ.

ಅಪ್ಪ ಅಮ್ಮ ಪೇಪರ್ ಬದಲು ನೀರೇ ಬಳಸ್ತಾರೆ, ಟ್ಯಾಂಕ್ ಬೇಗ ತುಂಬುತ್ತಾ ಅಂತ ಸಂಕೋಚದಿಂದ ಕೇಳಿದೀರ. ಬಳಸಲಿ ಬಿಡಿ. ಸ್ವಲ್ಪ ಬೇಗ ತುಂಬುತ್ತೆ, ಆದ್ರೆ ಬ್ಲ್ಯಾಕ್ ಟ್ಯಾಂಕಿಗೆ ನೀರೇ ಔಷಧಿ. ನೀರು ಉಳಿಸ್ತೀವಿ ಅಂತ ಪೇಪರ್ ಜಾಸ್ತಿ ನೀರು ಕಮ್ಮಿ ಹಾಕೋರ ಟ್ಯಾಂಕಲ್ಲೇ ಅದು ಗೋಪುರದ ತರ ಗಟ್ಟಿಯಾಗಿ ಕೂತು ಹೋಸಲ್ಲಿ ಇಳಿಯೋದೇ ಇಲ್ಲ, ಸೆನ್ಸರ್ ಮೇಲೂ ಅಂಟ್ಕೊಂಡು ಖಾಲಿ ಇದ್ರೂ ತುಂಬಿದೆ ಅಂತ ತೋರಿಸುತ್ತೆ. ಸೆನ್ಸರ್ ದೀಪ ನಂಬಬೇಡಿ. ವೆಟ್ ವೈಪ್ಸ್ ಮಾತ್ರ ಯಾರ ಕೈಗೂ ಸಿಗದಂತೆ ಇಡಿ, ಪ್ಯಾಕೆಟ್ ಮೇಲೆ ಫ್ಲಶ್ ಮಾಡಬಹುದು ಅಂತ ಬರೆದಿದ್ರೂ ಅಷ್ಟೇ. ಬಾಡಿಗೆ ಕಂಪನಿಯೋರು ಕೊಟ್ಟ ಟ್ಯಾಂಕ್ ಕೆಮಿಕಲ್‌ನಲ್ಲಿ ಫಾರ್ಮಾಲ್ಡಿಹೈಡ್ ಇದ್ಯಾ ನೋಡಿ, ಇದ್ರೆ ಬೇರೆ ತಗೊಳಿ. ಹಳ್ಳಿ ಕಡೆ ಎಷ್ಟೋ ಡಂಪ್ ಸ್ಟೇಷನ್ ಸೆಪ್ಟಿಕ್ ಟ್ಯಾಂಕಿಗೆ ಹೋಗೋದು, ಅಲ್ಲಿ ಕೆಲಸ ಮಾಡೋದೇ ಬ್ಯಾಕ್ಟೀರಿಯಾ, ಈ ಕೆಮಿಕಲ್ ಅದನ್ನೇ ಕೊಲ್ಲುತ್ತೆ. ಕೆಲವು ಪಾರ್ಕ್‌ಗಳು ಹೊರಗಿನೋರಿಗೆ ಡಂಪ್ ಬೇಡ ಅನ್ನೋಕೆ ಇದೂ ಒಂದು ಕಾರಣ.

ಡಂಪ್ ಮಾಡೋ ವಿಧಾನ ಬಾಡಿಗೆ ಕೊಡೋರು ತೋರಿಸ್ತಾರೆ, ನಾನು ಚುಟುಕಾಗಿ ಹೇಳ್ತೀನಿ. ಪೈಪ್ ಇರೋದು ಡ್ರೈವರ್ ಕಡೆ, ಹಾಗಾಗಿ ಗುಂಡಿ ನಿಮ್ಮ ಎಡಕ್ಕೆ ಬರೋ ತರ ನಿಲ್ಲಿಸಿ. ಗ್ಲೌಸ್ ಹಾಕ್ಕೊಂಡು ಹೋಸ್‌ನ ಗುಂಡಿಗೆ ಗಟ್ಟಿಯಾಗಿ ಸಿಗಿಸಿ ಆಮೇಲೇ ವಾಲ್ವ್ ಮುಟ್ಟಿ. ಮೊದಲು ಬ್ಲ್ಯಾಕ್, ಪೂರ್ತಿ ಇಳಿದು ಮುಚ್ಚಿದ ಮೇಲೆ ಗ್ರೇ, ಸೋಪ್ ನೀರು ಹೋಸ್ ತೊಳ್ಕೊಂಡು ಹೋಗುತ್ತೆ. ಕಾಲುಭಾಗ ತುಂಬಿದಾಗ ಬಿಟ್ರೆ ರಭಸ ಇರಲ್ಲ, ಮುಕ್ಕಾಲಿಗೆ ಹತ್ತಿರ ಬಂದಾಗ ಬಿಡಿ. ಅಲ್ಲಿ ನೇತಾಡೋ ನೀರಿನ ಹೋಸಿಂದ ಕುಡಿಯೋ ನೀರಿನ ಟ್ಯಾಂಕ್ ತುಂಬಿಸಲೇಬೇಡಿ, ಅದನ್ನ ಹಿಂದಿನೋರು ಎಲ್ಲಿಗೆ ತುರುಕಿದ್ರೋ ಯಾರಿಗೊತ್ತು. ಕುಡಿಯೋ ನೀರಿಗೆ ಬೇರೆ ನಲ್ಲಿ ಇರುತ್ತೆ, ಬೋರ್ಡ್ ಓದಿ.

ವಾಪಸ್ ಬರೋವಾಗ ಗಾಡಿ ಕೊಡೋ ದಿನ ಬೆಳಗ್ಗೆ ಒಮಾಹಾದಲ್ಲಿ ಡಂಪ್ ಹುಡುಕೋಣ ಅನ್ಕೋಬೇಡಿ, ಹಿಂದಿನ ರಾತ್ರಿ ಉಳ್ಕೊಳೋ ಕ್ಯಾಂಪ್‌ಗ್ರೌಂಡಲ್ಲೇ ಮುಗಿಸಿ ಬನ್ನಿ, ಟ್ಯಾಂಕ್ ತುಂಬಿದ ಗಾಡಿ ಕೊಟ್ರೆ ಕಂಪನಿಗಳು ಹಾಕೋ ಚಾರ್ಜು ಕ್ಯಾಂಪ್‌ಗ್ರೌಂಡ್ ಫೀಸಿಗಿಂತ ಎಷ್ಟೋ ಜಾಸ್ತಿ ಇರುತ್ತೆ, ಅಗ್ರಿಮೆಂಟಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರ್ತಾರೆ ನೋಡ್ಕೊಳಿ. ಬ್ಲ್ಯಾಕ್ ಹಿಲ್ಸಿಂದ ಬಫೆಲೋಗೆ ಯಾವ ರಸ್ತೆ ಹಿಡೀತೀರ ಅಂತ ಕಾಮೆಂಟಲ್ಲಿ ಹಾಕಿ, ಆ ಕಡೆ ಯಾವ ಊರಿಗೆ ಫೋನ್ ಮಾಡ್ಬೇಕು ಅಂತ ಹೇಳ್ತೀನಿ.