ಟ್ಯಾಂಕ್ ತುಂಬಿದ್ದರೂ ಮಹಡಿ ಬಚ್ಚಲಿಗೆ ನೀರು ಬರದಿದ್ದರೆ

ಟ್ಯಾಂಕ್ ತುಂಬಿದೆ, ಕೆಳಗಿನ ಮನೆಗೆ ನೀರು ಚೆನ್ನಾಗಿ ಬರುತ್ತದೆ, ಮಹಡಿಯ ಬಚ್ಚಲಲ್ಲಿ ಮಾತ್ರ ನಲ್ಲಿ ಬುಸ್ ಅಂದು ನಿಂತುಬಿಡುತ್ತದೆ, ಗೋಡೆ ಒಡೆಸಬೇಕಾ ಅಂತ ಕೇಳಿದ್ದೀರಿ. ದಯವಿಟ್ಟು ಈಗಲೇ ಒಡೆಸಬೇಡಿ. ಬುಸ್ ಅನ್ನುತ್ತಿದೆ ಅಂದರೆ ಪೈಪಲ್ಲಿ ಏರ್ ಹಿಡಿದಿರುವುದೇ ಜಾಸ್ತಿ.

ನಮ್ಮದು ಚಿಕ್ಕಮಗಳೂರು. ಯಗಚಿ ಹೊಳೆಯಿಂದ ಬರುವ ನಲ್ಲಿ ನೀರು ನಮ್ಮ ಬೀದಿಗೆ ದಿನಾ ಬರುವುದಿಲ್ಲ. ಒಂದು ಸಲ ಮನೆ ತುಂಬ ನೆಂಟರಿದ್ದಾಗ ಟ್ಯಾಂಕ್ ತಳ ಕಂಡಿತು. ಮತ್ತೆ ತುಂಬಿಸಿದರೂ ಮಹಡಿಗೆ ಹನಿ ನೀರಿಲ್ಲ. ಕರೆಸಿದ ಪ್ಲಂಬರ್ ಟೈಲ್ಸ್ ಒಡೆದು ನೋಡಿದರು, ಪೈಪಲ್ಲಿ ಚೂರೂ ಕಸ ಇರಲಿಲ್ಲ. ಮಂಡಿ ನೋವಿನ ಅಮ್ಮ ಎಂಟು ದಿನ ಮೆಟ್ಟಿಲಿಳಿದು ಬಂದು ಸ್ನಾನ ಮಾಡಬೇಕಾಯಿತು. ನೆನೆದರೆ ಈಗಲೂ ಸಂಕಟವಾಗುತ್ತದೆ.

ತಾರಸಿಗೆ ಹೋಗಿ ಪೈಪ್ ಹೋದ ದಾರಿ ನೋಡಿ. ಎಲ್ಲಾದರೂ ಮೇಲೆದ್ದು ಮತ್ತೆ ಇಳಿದಿದೆಯಾ? ಟ್ಯಾಂಕ್ ಖಾಲಿಯಾದಾಗ ಒಳಗೆ ಹೋದ ಗಾಳಿ ಆ ಗೂನಿನಲ್ಲೇ ಕೂರುತ್ತದೆ. ಒಂದು ಮೀಟರ್ ಎತ್ತರದ ನೀರಿಗೆ ಸಿಗುವ ಒತ್ತಡ ಚದರ ಸೆಂಟಿಮೀಟರಿಗೆ ಬರೀ 0.1 ಕೆಜಿ. ಕೆಳಗಿನ ಮನೆಗೆ ಐದಾರು ಮೀಟರ್ ಎತ್ತರ ಸಿಗುತ್ತದೆ, ಮಹಡಿಗೆ ಒಂದೆರಡು ಮೀಟರ್ ಅಷ್ಟೇ. ಅಷ್ಟು ಒತ್ತಡಕ್ಕೆ ಗಾಳಿ ಜಗ್ಗುವುದಿಲ್ಲ.

ಹಾಗಾಗಿ ಅದನ್ನು ನಲ್ಲಿ ಕಡೆಯಿಂದ ಹಿಂದಕ್ಕೆ ತಳ್ಳಬೇಕು. ಗೀಸರ್ ಆಫ್ ಮಾಡಿ. ಸಂಪಿನ ಮೋಟರ್ ಲೈನಿನ ನಲ್ಲಿಯಿಂದ ಬಚ್ಚಲಿನ ನಲ್ಲಿಗೆ ಗಾರ್ಡನ್ ಪೈಪ್ ಹಾಕಿ, ಎರಡೂ ಕಡೆ ಕ್ಲಿಪ್ ಬಿಗಿ ಮಾಡಿ. ಎರಡೂ ನಲ್ಲಿ ತೆರೆದು ಮೋಟರ್ ಹಾಕಿ. ಒಬ್ಬರು ಟ್ಯಾಂಕ್ ಹತ್ತಿರ ನಿಂತಿರಲಿ. ಒಳಗೆ ಗುಳುಗುಳು ಅಂತ ಗುಳ್ಳೆ ಎದ್ದು ನಿಂತರೆ ಗಾಳಿ ಹೋಯಿತು ಅಂತ. ಬೀದಿ ನೀರಿನ ನಲ್ಲಿಗೆ ಮಾತ್ರ ಹೀಗೆ ಪೈಪ್ ಸಿಕ್ಕಿಸಬೇಡಿ. ಅಲ್ಲಿ ಒತ್ತಡ ಇಳಿದರೆ ನಿಮ್ಮ ಟ್ಯಾಂಕಿನ ನೀರು ವಾಪಸ್ ಹೋಗಿ ನಾಲ್ಕು ಮನೆಯವರು ಕುಡಿಯುವ ನೀರಿಗೆ ಸೇರುತ್ತದೆ.

ಆಮೇಲೆ ಆ ಗೂನನ್ನೇ ತೆಗೆಸಿ. ಆಗದಿದ್ದರೆ ಗೂನಿನ ನೆತ್ತಿಗೆ ಒಂದು ಟೀ (ಮೂರು ಬಾಯಿಯ ಪೈಪ್ ಜಾಯಿಂಟ್) ಹಾಕಿಸಿ, ಅಲ್ಲಿಂದ ಟ್ಯಾಂಕಿನ ಮುಚ್ಚಳಕ್ಕಿಂತ ಎತ್ತರಕ್ಕೆ ಏರ್ ಪೈಪ್ ನಿಲ್ಲಿಸಿ. ಗಿಡ್ಡವಾದರೆ ನೀರು ಹೊರಗೆ ಸುರಿಯುತ್ತದೆ. ಬಾಯಿ ಕೆಳಗೆ ಬಗ್ಗಿರಲಿ, ಸೊಳ್ಳೆ ಹೋಗದಂತೆ ಜಾಲರಿ ಕಟ್ಟಿ. ಕ್ಯಾಪ್ ಹಾಕಿ ಮುಚ್ಚಬೇಡಿ, ಹಾಗೆ ಮಾಡಿದರೆ ಹಾಕಿಸಿಯೂ ಉಪಯೋಗವಿಲ್ಲ.

ನಮ್ಮಲ್ಲಿ ಇದು ಅರ್ಧ ದಿನದ ಕೆಲಸವಾಯಿತು. ಅದಾದ ಮೇಲೂ ಎರಡು ಸಲ ಟ್ಯಾಂಕ್ ಖಾಲಿಯಾಗಿದೆ. ತುಂಬಿಸಿದ ಕೂಡಲೇ ಅಮ್ಮನ ಬಚ್ಚಲಿಗೆ ನೀರು ಬಂದಿದೆ.