ಅಲ್ಲಮಪ್ರಭುವಿನ ವಚನ ಅರ್ಥವಾಗುವುದಿಲ್ಲ, ಹೇಗೆ ಓದಬೇಕು?

ಮೊದಲು ಅಂಕಿತ ನೋಡಿ, ಅಂದರೆ ವಚನಕಾರರು ತಮ್ಮ ಗುರುತಾಗಿ ವಚನದಲ್ಲಿ ಇಡುವ ಹೆಸರು. ‘ಗುಹೇಶ್ವರ’ ಎಂದಿದ್ದರೆ ಅಲ್ಲಮನದು. ‘ಚೆನ್ನಮಲ್ಲಿಕಾರ್ಜುನ’ ಅಕ್ಕಮಹಾದೇವಿಯದು, ‘ಕೂಡಲಸಂಗಮದೇವ’ ಬಸವಣ್ಣನದು. ಸಂದೇಶಗಳಲ್ಲಿ ಹರಿದಾಡುವ ಸಾಲುಗಳಲ್ಲಿ ಅಂಕಿತವೇ ಬಿಟ್ಟುಹೋಗಿರುತ್ತದೆ, ಗೊಂದಲ ಶುರುವಾಗುವುದು ಅಲ್ಲಿಂದಲೇ.

ಸುಲಭದ ವಚನದಿಂದ ಆರಂಭಿಸಿ. ಮಾಮರ–ಕೋಗಿಲೆಯ ವಚನವನ್ನೇ ತೆಗೆದುಕೊಳ್ಳಿ. ಅದರಲ್ಲಿ ಬೆಟ್ಟದ ನೆಲ್ಲಿಕಾಯಿ, ಸಮುದ್ರದ ಉಪ್ಪು ಬರುತ್ತವೆ. ಹುಟ್ಟಿದ ಜಾಗ ಎಲ್ಲಿಂದೆಲ್ಲಿಗೋ, ಆದರೂ ಉಪ್ಪಿನಕಾಯಿ ಜಾಡಿಯಲ್ಲಿ ಒಂದಾಗುತ್ತವೆ. ಜಾಡಿಯ ಮಾತನ್ನು ಅಲ್ಲಮ ಎತ್ತುವುದೇ ಇಲ್ಲ, ‘ಎತ್ತಣಿಂದೆತ್ತ ಸಂಬಂಧ’ ಎಂದು ಕೇಳಿ, ಅದೇ ಪ್ರಶ್ನೆಯನ್ನು ತನಗೂ ಗುಹೇಶ್ವರನಿಗೂ ಹಾಕುತ್ತಾನೆ. ಹೇಳದೆ ಬಿಟ್ಟದ್ದನ್ನು ಓದುಗ ತುಂಬಿಕೊಳ್ಳಬೇಕು. ಅವನ ವಚನದ ಸೊಗಸು ಇರುವುದೇ ಇಲ್ಲಿ.

ಬೆಡಗಿನ ವಚನಗಳು, ಅಂದರೆ ಒಗಟಿನಂತೆ ಸಂಕೇತಗಳಲ್ಲಿ ಮಾತಾಡುವವು, ಇನ್ನೂ ಬಿಗಿ. ಅಲ್ಲಿ ಹೆಚ್ಚಿನವರು ಎಡವುವುದು ಪ್ರತಿ ಸಂಕೇತಕ್ಕೂ ಒಂದೇ ಅರ್ಥ ಅಂಟಿಸಲು ಹೋಗಿ. ಒಂದೇ ಪದ ಇನ್ನೊಂದು ವಚನದಲ್ಲಿ ಬೇರೆಯದನ್ನೇ ಸೂಚಿಸಬಹುದು. ಇಡೀ ವಚನವನ್ನು ಎರಡು ಮೂರು ಸಲ ಗಟ್ಟಿಯಾಗಿ ಓದಿ, ಆಮೇಲೆ ಟೀಕೆ (ಅರ್ಥ ವಿವರಣೆ) ನೋಡಿ.

‘ಶೂನ್ಯಸಂಪಾದನೆ’ ಎಂಬ ಗ್ರಂಥದಲ್ಲಿ ಇವೇ ವಚನಗಳು ಸಂವಾದದ ರೂಪದಲ್ಲಿ ಸಿಗುತ್ತವೆ. ಸಂದರ್ಭ ತಿಳಿಯಲು ಬಹಳ ಅನುಕೂಲ. ಆದರೆ ಅಲ್ಲಮ 12ನೆಯ ಶತಮಾನದವನು, ಶಿವಗಣಪ್ರಸಾದಿ ಮಹಾದೇವಯ್ಯ ಅದನ್ನು ಮೊದಲು ಹೆಣೆದದ್ದು 15ನೆಯ ಶತಮಾನದಲ್ಲಿ. ಹಾಗಾಗಿ ಅಲ್ಲಿನ ಸಂವಾದಗಳನ್ನು ನಡೆದ ಘಟನೆಯ ವರದಿ ಎಂದುಕೊಳ್ಳಬೇಡಿ.