ಟಿಕೆಟ್ ಬುಕ್ ಮಾಡಿದರೆ ನಮ್ಮ ವಿವರ ಸರ್ಕಾರಕ್ಕೆ ಹೋಗುತ್ತದಾ?

ಮನೆಯವರ ಜೊತೆ ದುಬೈಗೆ ಹೊರಟಿದ್ದೇವೆ, ಫೋನ್ ನಂಬರ್, ಕಾರ್ಡ್ ವಿವರ ಎಲ್ಲಾ ಕಸ್ಟಮ್ಸ್‌ಗೆ ಹೋಗುತ್ತದಂತೆ, ಬೇಡ ಅನ್ನಬಹುದಾ ಅಂತ ಕೇಳಿದ್ದೀರಿ. ಹೋಗುವುದು ನಿಜ. ಬೇಡ ಅನ್ನಲು ದಾರಿ ಇಲ್ಲ.

2022ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಇದಕ್ಕೆ ನಿಯಮ ತಂದಿತು. ಹೊರದೇಶಕ್ಕೆ ಹೋಗುವ, ಅಲ್ಲಿಂದ ಬರುವ ವಿಮಾನಗಳ ಪಿಎನ್‌ಆರ್ ದಾಖಲೆಯನ್ನು, ಅಂದರೆ ಪ್ರಯಾಣಿಕರ ಬುಕಿಂಗ್‌ನ ಪೂರ್ತಿ ವಿವರವನ್ನು, ಹೊರಡುವ 24 ಗಂಟೆ ಮೊದಲೇ ಕಸ್ಟಮ್ಸ್‌ಗೆ ಕಳಿಸಬೇಕು. ಕಳಿಸದ ವಿಮಾನ ಸಂಸ್ಥೆಗೆ ಪ್ರತಿ ತಪ್ಪಿಗೂ 25ರಿಂದ 50 ಸಾವಿರ ರೂಪಾಯಿ ದಂಡ. ಕಳ್ಳಸಾಗಣೆ ಮಾಡುವವರನ್ನು ಮೊದಲೇ ಗುರುತಿಸಬೇಕು ಅನ್ನುವುದು ಉದ್ದೇಶ.

ಪಾಸ್‌ಪೋರ್ಟ್ ವಿವರ ಹೋದರೆ ನನ್ನದೇನೂ ತಕರಾರಿಲ್ಲ. ಅದನ್ನು ಹೇಗೂ ಇಮಿಗ್ರೇಷನ್‌ನಲ್ಲಿ ತೋರಿಸುತ್ತೇವೆ. ಪಿಎನ್‌ಆರ್ ಹಾಗಲ್ಲ. ನಾನು ಟಿಕೆಟ್ ಬುಕಿಂಗ್ ಕೆಲಸದವಳು, ದಿನಾ ಇದನ್ನೇ ನೋಡುತ್ತೇನೆ. ಒಂದು ಬುಕಿಂಗ್ ತೆರೆದರೆ ಜೊತೆಗೆ ಯಾರಿದ್ದಾರೆ, ದುಡ್ಡು ಹೇಗೆ ಕಟ್ಟಿದರು, ಯಾವ ಏಜೆಂಟ್, ಎಷ್ಟು ಲಗೇಜು, ಎಲ್ಲಾ ಸಿಗುತ್ತದೆ. ಅಜ್ಜಿಗೆ ವೀಲ್‌ಚೇರ್ ಬೇಕಾದರೆ ಡಬ್ಲ್ಯೂಸಿಎಚ್‌ಆರ್ ಅಂತ ಹಾಕುತ್ತೇವೆ. ಎಂಓಎಂಎಲ್ ಅಂದರೆ ಮುಸ್ಲಿಮರ ಊಟ, ವಿಜೆಎಂಎಲ್ ಜೈನರದು, ಡಿಬಿಎಂಎಲ್ ಸಕ್ಕರೆ ಕಾಯಿಲೆ ಇರುವವರದು. ಧರ್ಮ, ಆರೋಗ್ಯ ಎರಡೂ ನಾಲ್ಕೇ ಅಕ್ಷರದಲ್ಲಿ ಗೊತ್ತಾಗಿಬಿಡುತ್ತವೆ.

ಧರ್ಮ, ಆರೋಗ್ಯ, ರಾಜಕೀಯ ನಿಲುವು ತಿಳಿಯುವಂಥ ಮಾಹಿತಿಯನ್ನು ಬಳಸಬಾರದು ಅಂತ ನಮ್ಮ ನಿಯಮದಲ್ಲೇ ಇದೆ. ಅದು ಒಳ್ಳೆಯದೇ. ನನಗೆ ಸರಿ ಕಾಣದಿರುವುದು ಅವಧಿ. 5 ವರ್ಷ ಇಟ್ಟುಕೊಳ್ಳುತ್ತಾರೆ. ಆಮೇಲೆ ಹೆಸರು ಮರೆಮಾಡುತ್ತಾರೆ, ಆದರೆ ಕೇಸಿಗೆ ಬೇಕಾದರೆ ಮತ್ತೆ ತೆರೆಯಬಹುದು. ಯುರೋಪಿನಲ್ಲೂ ಮೊದಲು 5 ವರ್ಷವೇ ಇತ್ತು. 2022ರ ಜೂನ್‌ನಲ್ಲಿ ಯುರೋಪ್ ಒಕ್ಕೂಟದ ನ್ಯಾಯಾಲಯ, ಅನುಮಾನಕ್ಕೆ ಕಾರಣವೇ ಇಲ್ಲದವರ ದಾಖಲೆಯನ್ನು 6 ತಿಂಗಳಿಗಿಂತ ಜಾಸ್ತಿ ಇಡುವ ಹಾಗಿಲ್ಲ ಅಂದಿತು. ಅದಾದ ಎರಡೇ ತಿಂಗಳಿಗೆ ನಮ್ಮಲ್ಲಿ 5 ವರ್ಷ ಅಂತ ನಿಯಮ ಬಂತು! ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ. ಆ ಕೇಸು ಹಾಕಿದ್ದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿ. ಸುಮ್ನೆ ಮಕ್ಕಳ ಜೊತೆ ಊರು ನೋಡಿಕೊಂಡು ಬಂದವರ ದಾಖಲೆ ಅಷ್ಟು ವರ್ಷ ಯಾಕೆ ಬೇಕು ಅಂತ ನಾವು ಕೇಳಲೇಬೇಕು, ಅಲ್ವಾ?

ಸದ್ಯಕ್ಕೆ ನಿಮ್ಮ ಕೈಯಲ್ಲಿರುವುದು ಕಡಿಮೆ. ಬುಕಿಂಗ್‌ನಲ್ಲಿ ಕಡ್ಡಾಯವಲ್ಲದ ವಿವರ ತುಂಬಬೇಡಿ. ಬೋರ್ಡಿಂಗ್ ಪಾಸ್ ಫೋಟೋವನ್ನು ಸ್ಟೇಟಸ್‌ಗೆ ಹಾಕಬೇಡಿ. ಅದರಲ್ಲಿರುವ ಪಿಎನ್‌ಆರ್ ನಂಬರ್ ಮತ್ತು ಸರ್‌ನೇಮ್ ಇದ್ದರೆ ಸಾಕು, ಎಷ್ಟೋ ವಿಮಾನ ಸಂಸ್ಥೆಗಳ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನಿಮ್ಮ ಬುಕಿಂಗ್ ತೆರೆಯಬಹುದು.